ನಾಟಕಕಾರರಿಗೆ ತಂಡದೊಳಗೊಂದು ಜಾಗ



ರಂಗಭೂಮಿಗಾಗಿ ಇಟ್ಟ ದತ್ತಿಯ ವೇದಿಕೆಯಲ್ಲಿ ಮಾತನಾಡುತ್ತಿದ್ದೇನೆ. ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರಿಂದ, ಬಹಳ ಕಾಲದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದೇನೆ. ಹೊಸ ನಾಟಕ ಎಲ್ಲಿ ಹುಟ್ಟುತ್ತದೆ? ಅದನ್ನು ಬರೆಯುವವರು ಬರೆಯುವ ಕಾಲದಲ್ಲಿ ಯಾರ ನಡುವೆ ಇರಬೇಕು? ಅಲ್ಲಿಯವರೆಗೆ ಅವರ ಸಂಸಾರದ ಖರ್ಚನ್ನು ಯಾರು ಹೊರಬೇಕು?

ನಮ್ಮಲ್ಲಿ ನಡೆದುಕೊಂಡು ಬಂದ ರೀತಿ ನಿಮಗೆಲ್ಲ ಗೊತ್ತು. ನಾಟಕಕಾರರು ನೌಕರಿಯ ನಡುವೆ ಸಿಕ್ಕ ಬಿಡುವಿನಲ್ಲಿ ಮನೆಯಲ್ಲಿ ಕೂತು ಬರೆಯುತ್ತಾರೆ. ಹೇಗೋ ಅಚ್ಚು ಹಾಕಿಸುತ್ತಾರೆ. ಪುಸ್ತಕ ಯಾರೋ ನಿರ್ದೇಶಕರ ಕಣ್ಣಿಗೆ ಬಿದ್ದು, ಅವರಿಗೆ ಹಿಡಿಸಿದರೆ ಪ್ರಯೋಗವಾಗುತ್ತದೆ. ಮೊದಲ ತಾಲೀಮಿನ ದಿನ ಬರೆದವರು ಅಲ್ಲಿರುವುದೇ ಅಪರೂಪ. ಪ್ರದರ್ಶನದ ದಿನ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೊನೆಗೆ ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಎರಡನೆಯ ಅಂಕದಲ್ಲಿ ಮಾತು ಎಲ್ಲಿ ಜೋಲು ಬಿತ್ತು ಎಂಬುದು ಅಂದು ಅವರಿಗೆ ಮೊದಲ ಬಾರಿ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಪುಸ್ತಕ ಅಚ್ಚಾಗಿ ಹೋಗಿರುತ್ತದೆ.

ಈ ಕ್ರಮವನ್ನು ಬದಲಾಯಿಸಬೇಕು ಎಂಬುದೇ ನನ್ನ ಇಂದಿನ ಮಾತಿನ ಸಾರ. ತಂಡದ ರಂಗ ಹೊಸ ನಾಟಕಕ್ಕೆ ಬೇಕಾಗುವುದು ಕೊನೆಯಲ್ಲಿ. ಅದಕ್ಕೆ ಮುಂಚೆ ಬೇಕಾದದ್ದು ತಂಡದ ಸಮಯ. ನಟರ ಸಮಯ, ನಿರ್ದೇಶಕರ ಕಿವಿ, ತಪ್ಪು ಮಾಡಿ ತಿದ್ದಿಕೊಳ್ಳುವಷ್ಟು ಬಿಡುವು. ಇವನ್ನು ಕೊಡಲೆಂದೇ ಒಂದು ರಂಗತಂಡ ನಾಟಕಕಾರರನ್ನು ಗೊತ್ತಾದ ಅವಧಿಗೆ ಸಂಭಾವನೆ ಕೊಟ್ಟು ತನ್ನೊಳಗೆ ಇರಿಸಿಕೊಳ್ಳುವುದನ್ನು ಇಂಗ್ಲೆಂಡ್, ಅಮೆರಿಕಗಳ ರಂಗಭೂಮಿಯಲ್ಲಿ ರೆಸಿಡೆನ್ಸಿ ಎನ್ನುತ್ತಾರೆ. ಹೆಸರು ಹೊರಗಿನದು. ಆದರೆ ಆ ವ್ಯವಸ್ಥೆಯ ಫಲ ಕನ್ನಡಕ್ಕೂ ಸಿಕ್ಕಿದೆ, ಅದರ ಒಂದು ಬಗೆ ನಮ್ಮಲ್ಲಿಯೇ ಹಿಂದೆ ಇತ್ತು.

ಕಂಪನಿಯ ಕವಿ

ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಆ ಕಾಲದಿಂದ ಸಿನಿಮಾ ಬಂದು ಡೇರೆಗಳನ್ನು ಖಾಲಿ ಮಾಡುವವರೆಗೆ ವೃತ್ತಿ ನಾಟಕ ಕಂಪನಿಗಳಿಗೆ ನಾಟಕ ಬರೆದುಕೊಡುವ ಕವಿಗಳು ಹೊರಗಿನವರಾಗಿರಲಿಲ್ಲ. ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಗೆಂದೇ ಬರೆದರು. ಗದುಗಿನ ಗರೂಡ ಸದಾಶಿವರಾಯರಂತೂ ಕಂಪನಿಯ ಒಡೆಯರೂ ನಟರೂ ಕವಿಗಳೂ ಆಗಿದ್ದರು. 1934ರಲ್ಲಿ ಗುಬ್ಬಿ ಕಂಪನಿ ಆಡಿದ ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳು ರಂಗಕ್ಕೆ ಬಂದವು ಎಂಬುದನ್ನು ಎಲ್ಲರೂ ನೆನೆಯುತ್ತಾರೆ. ನಾನು ನೆನೆಯುವುದು ಬೇರೆಯದನ್ನು. ಕಂಪನಿಗೆ ಬರೆಯುವವರಿಗೆ ಯಾವ ನಟನ ಕಂಠ ಯಾವ ಶ್ರುತಿಯಲ್ಲಿ ನಿಲ್ಲುತ್ತದೆ, ಯಾರ ಬಾಯಲ್ಲಿ ಉದ್ದದ ಮಾತು ಸೊಗಸುತ್ತದೆ, ಯಾರು ಬರೀ ನೋಟದಿಂದ ಜನರನ್ನು ಹಿಡಿದಿಡಬಲ್ಲರು ಎಂಬುದೆಲ್ಲ ಗೊತ್ತಿತ್ತು. ವೇಷ ಬದಲಿಸಲು, ಹಿಂದಿನ ಸೀನು ಕಟ್ಟಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕ ಅವರ ಬರವಣಿಗೆಯಲ್ಲೇ ಇರುತ್ತಿತ್ತು.

ಈ ಲೆಕ್ಕದಿಂದ ಕಲೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಗಿರೀಶ ಕಾರ್ನಾಡರ ‘ತುಘಲಕ್’. ಕಂಪನಿ ನಾಟಕದಲ್ಲಿ ಹಿಂದೆ ಅರಮನೆಯ ಸೀನು ಸಜ್ಜಾಗುವವರೆಗೆ ಮುಂದಿನ ಪರದೆಯ ಎದುರು ಬೀದಿಯ ಜನರ ಹಾಸ್ಯ ದೃಶ್ಯ ನಡೆಯುತ್ತಿತ್ತು. ಹುಡುಗನಾಗಿದ್ದಾಗ ಶಿರಸಿಯಲ್ಲಿ ಕಂಪನಿ ನಾಟಕಗಳನ್ನು ಕಂಡಿದ್ದ ಕಾರ್ನಾಡರು 1964ರ ಈ ನಾಟಕವನ್ನು ಅದೇ ಚೌಕಟ್ಟಿನಲ್ಲಿ ಕಟ್ಟಿದರು. ಹೊತ್ತು ಕಳೆಯಲೆಂದು ಇದ್ದ ಆ ಮುಂದಿನ ಜಾಗದಲ್ಲಿ ಬೀದಿಯ ಪಾತ್ರಗಳಾದ ಅಜೀಜ್ ಮತ್ತು ಆಜಮ್ ಬೆಳೆದರು, ಕೊನೆಗೆ ಅಜೀಜ್ ಸುಲ್ತಾನನ ಎದುರೇ ಬಂದು ನಿಂತ. ಆ ಬೀದಿ ದೃಶ್ಯಗಳು ತಾವು ಎಣಿಸಿರದಷ್ಟು ಕಸುವು ಪಡೆದುಕೊಂಡವು ಎಂದು ಕಾರ್ನಾಡರೇ ಬರೆದಿದ್ದಾರೆ. ರಂಗದ ಅಗತ್ಯವೊಂದು ನಾಟಕದ ಅರ್ಥವನ್ನೇ ತಿರುಗಿಸಿದ ಬಗೆ ಇದು.

ಕಂಪನಿ ಕಾಲವನ್ನು ಚಿನ್ನದ ಯುಗ ಎಂದು ನಾನು ಹೇಳಲಾರೆ. ಅಲ್ಲಿ ಕವಿಗೆ ಅನ್ನವಿತ್ತು, ಸ್ವಾತಂತ್ರ್ಯ ಕಡಿಮೆ. ಗಲ್ಲಾಪೆಟ್ಟಿಗೆ ಕೇಳಿದ್ದನ್ನು ಬರೆಯಬೇಕಿತ್ತು. ಕವಿಯ ಹೆಸರಿಗಿಂತ ಕಂಪನಿಯ ಹೆಸರು ದೊಡ್ಡದಿತ್ತು. ಅದರಿಂದ ಬಿಡಿಸಿಕೊಂಡು ಹವ್ಯಾಸಿ ರಂಗಭೂಮಿ ಎದ್ದದ್ದು ಸರಿಯಾಗಿಯೇ ಇತ್ತು. ಆದರೆ ಸ್ವಾತಂತ್ರ್ಯವನ್ನು ಪಡೆದ ನಾಟಕಕಾರ ತಂಡವನ್ನು ಕಳೆದುಕೊಂಡ.

ಕೈಲಾಸಂ, ಸಂಸ ಇವರೆಲ್ಲ ಯಾವ ತಂಡದ ಹಂಗೂ ಇಲ್ಲದೆ ಬರೆದರಲ್ಲವೆ ಎಂದು ನೀವು ಕೇಳಬಹುದು. ಕೈಲಾಸಂ ತಮ್ಮ ನಾಟಕಗಳನ್ನು ಗೆಳೆಯರ ಎದುರು ಆಡಿ ತೋರಿಸಿ, ಹೇಳಿ ಬರೆಸಿದವರು. ಸುತ್ತ ಕೂತು ಕೇಳುವವರ ನಗುವೇ ಅವರಿಗೆ ತಾಲೀಮು. ಸಂಸರಿಗೆ ಅದೂ ಸಿಗಲಿಲ್ಲ. ಮೈಸೂರು ಅರಸರ ಚರಿತ್ರೆಯನ್ನು ನಾಟಕಗಳ ಸರಣಿಯಾಗಿ ಕಾಣಬೇಕೆಂದು ಹೊರಟ ಆ ದೊಡ್ಡ ಪ್ರತಿಭೆ ಊರೂರು ಅಲೆದು, ಒಂಟಿಯಾಗಿ, 1939ರಲ್ಲಿ ತನ್ನ ಜೀವವನ್ನು ತಾನೇ ತೆಗೆದುಕೊಂಡಿತು. ಅವರು ಬರೆದ ಇಪ್ಪತ್ತಕ್ಕೂ ಹೆಚ್ಚು ನಾಟಕಗಳಲ್ಲಿ ನಮಗೆ ಉಳಿದಿರುವುದು ಆರು. ‘ವಿಗಡ ವಿಕ್ರಮರಾಯ’ವನ್ನು ಬರೆದ ಕೈಗೆ ಒಂದು ತಂಡ, ಒಂದು ಕೋಣೆ, ತಿಂಗಳಿಗಿಷ್ಟು ಹಣ ಇದ್ದಿದ್ದರೆ ಕನ್ನಡಕ್ಕೆ ಏನೆಲ್ಲ ಉಳಿಯುತ್ತಿತ್ತು ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಚಿಕಾಗೋದಿಂದ ಮಿನಿಯಾಪೊಲಿಸ್‌ಗೆ

ಈಗ ಅಂಥ ಆಶ್ರಯ ಸಿಕ್ಕ ಕನ್ನಡದ ಎರಡು ನಾಟಕಗಳು ಹುಟ್ಟಿದ ಸ್ಥಳಕ್ಕೆ ಹೋಗೋಣ.

1987-88ರಲ್ಲಿ ಕಾರ್ನಾಡರು ಫುಲ್‌ಬ್ರೈಟ್ ನೆರವಿನಲ್ಲಿ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿಯೂ ನಿವಾಸಿ ನಾಟಕಕಾರರಾಗಿಯೂ ಇದ್ದರು. ಅಲ್ಲಿಯೇ ಪಾಠ ಹೇಳುತ್ತಿದ್ದವರು ಎ. ಕೆ. ರಾಮಾನುಜನ್. ಅವರಿಂದ ಕೇಳಿದ್ದ ಕರ್ನಾಟಕದ ಎರಡು ಜನಪದ ಕಥೆಗಳು ಆ ಅವಧಿಯಲ್ಲಿ ‘ನಾಗಮಂಡಲ’ವಾದವು. ಕನ್ನಡದಲ್ಲಿ ಬರೆದು, ತಾವೇ ಇಂಗ್ಲಿಷಿಗೆ ತಂದು, ಅಲ್ಲಿಯ ವಿದ್ಯಾರ್ಥಿಗಳೊಂದಿಗೆ ವಿಶ್ವವಿದ್ಯಾಲಯದ ರಂಗದ ಮೇಲೆ ಅದನ್ನು ಆಡಿಸಿ ನೋಡಿದರು. ಈ ಕಡೆ ಶಂಕರನಾಗ್ ತಮ್ಮ ‘ಸಂಕೇತ್’ ತಂಡದಿಂದ ಅದನ್ನು ಕನ್ನಡದಲ್ಲಿ ರಂಗಕ್ಕೆ ತಂದರು. ಆಮೇಲೆ 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರ್ ತನ್ನ ಮೂವತ್ತನೆಯ ವರ್ಷದ ಸಂದರ್ಭದಲ್ಲಿ ‘ನಾಗಮಂಡಲ’ವನ್ನು ಆಡಿತು.

ಗತ್ರಿ ಅಷ್ಟಕ್ಕೇ ಬಿಡಲಿಲ್ಲ, ಇನ್ನೊಂದು ಹೊಸ ನಾಟಕ ಬರೆದುಕೊಡಿ ಎಂದು ಕಾರ್ನಾಡರನ್ನು ಕೇಳಿತು. ಮಹಾಭಾರತದ ವನಪರ್ವದಲ್ಲಿ ಬರುವ ಯವಕ್ರೀತನ ಕಥೆಯನ್ನು ಅವರು ಕಾಲೇಜು ದಿನಗಳಲ್ಲಿ ರಾಜಾಜಿಯವರ ಸಂಗ್ರಹದಲ್ಲಿ ಓದಿದ್ದರು. ಆ ಕಥೆ ದಶಕಗಳ ಕಾಲ ಅವರೊಳಗೆ ನಾಟಕವಾಗದೆ ಉಳಿದಿತ್ತು. ಗತ್ರಿಯ ಕೋರಿಕೆ ಬಂದಾಗ ಅದು ‘ಅಗ್ನಿ ಮತ್ತು ಮಳೆ’ಯಾಯಿತು. ಗತ್ರಿ ವೃತ್ತಿಪರ ನಟರನ್ನು ಸೇರಿಸಿ ಆ ನಾಟಕದ ಮೇಲೆ ಕಾರ್ಯಾಗಾರವನ್ನೂ ನಡೆಸಿತು. ಬರೆದವರು ತಮ್ಮ ಮಾತುಗಳನ್ನು ನುರಿತ ನಟರ ಬಾಯಲ್ಲಿ ಕೇಳಿ ತೂಗಿ ನೋಡುವ ಅವಕಾಶ ಅದು.

ಈ ಎರಡು ನಾಟಕಗಳನ್ನು ಒಟ್ಟಿಗೆ ಇಟ್ಟು ನೋಡಿ. ‘ನಾಗಮಂಡಲ’ದಲ್ಲಿ ನಮಗೆ ಮೊದಲು ಕಾಣುವ ವ್ಯಕ್ತಿ ಒಬ್ಬ ನಾಟಕಕಾರ. ತನ್ನ ನಾಟಕಗಳಿಂದ ಜನರನ್ನು ನಿದ್ದೆಗೆ ತಳ್ಳಿದ ಪಾಪಕ್ಕೆ ಅವನು ಒಂದು ಇಡೀ ರಾತ್ರಿ ಎಚ್ಚರ ಇರಬೇಕು, ಇಲ್ಲವಾದರೆ ಸಾವು. ‘ಅಗ್ನಿ ಮತ್ತು ಮಳೆ’ಯಲ್ಲಿ ಏಳು ವರ್ಷ ನಡೆದ ಯಾಗದ ಅಂಗಳಕ್ಕೆ ಒಂದು ನಟರ ಮೇಳ ಬರುತ್ತದೆ, ಬ್ರಾಹ್ಮಣ ಹುಡುಗ ಅರವಸು ವೇಷ ಕಟ್ಟುತ್ತಾನೆ. ವಿಶ್ವವಿದ್ಯಾಲಯ, ರಂಗಮಂದಿರಗಳ ಆಶ್ರಯದಲ್ಲಿ ಬೆಳೆದ ಎರಡೂ ನಾಟಕಗಳ ಹೊಟ್ಟೆಯೊಳಗೆ ರಂಗಭೂಮಿಯೇ ಇದೆ. ಜನ ಯಾಕೆ ನಾಟಕ ನೋಡಬೇಕು, ನಟನಾಗುವುದೆಂದರೆ ಏನನ್ನು ತೆರಬೇಕು ಎಂಬ ಪ್ರಶ್ನೆಗಳು ನಟರ ನಡುವೆ ದಿನ ಕಳೆಯುವ ಲೇಖಕರಿಗೆ ಹತ್ತಿರದವಾಗುತ್ತವೆ ಎಂದು ನಾನು ನಂಬುತ್ತೇನೆ.

ಇನ್ನೊಂದು ಮಾತು ನಮ್ಮ ಮನಸ್ಸಿಗೆ ನಾಟಬೇಕು. ಕಾರ್ನಾಡರ ಟಿಪ್ಪುವಿನ ಕನಸುಗಳ ನಾಟಕ ಮೊದಲು ಬಂದದ್ದು ಭಾರತದ ಸ್ವಾತಂತ್ರ್ಯದ ಐವತ್ತನೆಯ ವರ್ಷಕ್ಕೆ ಬಿಬಿಸಿ ಕೇಳಿ ಬರೆಸಿದ ರೇಡಿಯೋ ನಾಟಕವಾಗಿ. ‘ಹಿಟ್ಟಿನ ಹುಂಜ’ವನ್ನು ‘ಬಲಿ’ಯಾಗಿ ಇಂಗ್ಲಿಷಿನಲ್ಲಿ ಮರುರೂಪಿಸಿದ್ದು ಇಂಗ್ಲೆಂಡಿನ ಲೆಸ್ಟರ್ ಹೇಮಾರ್ಕೆಟ್ ರಂಗಮಂದಿರಕ್ಕಾಗಿ, 2002ರಲ್ಲಿ. ಕನ್ನಡದ ನಾಟಕಕಾರರೊಬ್ಬರನ್ನು ಕರೆದು, ನಿಮ್ಮ ಮುಂದಿನ ನಾಟಕ ನಮಗೆ ಬೇಕು, ಬರೆಯಿರಿ ಎಂದು ಹೇಳಿದವರು ಚಿಕಾಗೋ, ಮಿನಿಯಾಪೊಲಿಸ್, ಲಂಡನ್, ಲೆಸ್ಟರ್‌ನವರು. ಅವರ ಕೊಡುಗೆಗೆ ನಾನು ಕೈಮುಗಿಯುತ್ತೇನೆ. ಆದರೆ ಅಷ್ಟು ಹೆಸರು ಗಳಿಸದ, ಇಂಗ್ಲಿಷಿನಲ್ಲಿ ಬರೆಯಲಾರದ ಕನ್ನಡದ ನಾಟಕಕಾರರನ್ನು ಯಾರು ಕರೆಯಬೇಕು? ನಾವೇ ಕರೆಯಬೇಕು.

ಓದು, ತಿದ್ದು, ಮತ್ತೆ ಓದು

ರೆಸಿಡೆನ್ಸಿಯಲ್ಲಿ ದಿನದಿನದ ಕೆಲಸ ಹೇಗೆ ನಡೆಯುತ್ತದೆ? ಅಮೆರಿಕದ ಕನೆಕ್ಟಿಕಟ್ ರಾಜ್ಯದ ವಾಟರ್‌ಫರ್ಡ್‌ನಲ್ಲಿ 1964ರಲ್ಲಿ ಶುರುವಾದ ಯುಜೀನ್ ಓನೀಲ್ ಥಿಯೇಟರ್ ಸೆಂಟರ್ ಇದಕ್ಕೊಂದು ಕ್ರಮವನ್ನು ರೂಢಿಗೆ ತಂದಿತು. ಆಯ್ಕೆಯಾದ ಲೇಖಕರು ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಇರುತ್ತಾರೆ. ನಟರು ಕೆಲವೇ ದಿನ ತಾಲೀಮು ಮಾಡಿ, ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪ್ರೇಕ್ಷಕರ ಎದುರು ಆಡುತ್ತಾರೆ. ರಂಗಸಜ್ಜಿಕೆ ಹೆಸರಿಗೆ ಮಾತ್ರ. ಒಂದು ಓದು ಮುಗಿದ ಮೇಲೆ ಲೇಖಕರು ರಾತ್ರಿ ಕೂತು ತಿದ್ದುತ್ತಾರೆ, ಮುಂದಿನ ಓದಿಗೆ ಹೊಸ ಹಾಳೆಗಳು ಬರುತ್ತವೆ. ಜನರ ಗಮನ ಎಲ್ಲಿ ಸಡಿಲವಾಯಿತು, ಯಾವ ಮೌನ ಕೆಲಸ ಮಾಡಿತು, ಯಾವ ಪಾತ್ರ ಬಂದದ್ದೇ ವ್ಯರ್ಥ ಎಂಬುದನ್ನು ಲೇಖಕರು ತಮ್ಮ ಕಣ್ಣಾರೆ ಕಾಣುತ್ತಾರೆ.

ಅಮೆರಿಕದ ನಾಟಕಕಾರ ಆಗಸ್ಟ್ ವಿಲ್ಸನ್ ಈ ಕೇಂದ್ರಕ್ಕೆ ಮೊದಮೊದಲು ಕಳಿಸಿದ ನಾಟಕಗಳು ಒಂದಾದ ಮೇಲೊಂದು ತಿರುಗಿ ಬಂದಿದ್ದವು. ಪಿಟ್ಸ್‌ಬರ್ಗ್‌ನ ಕಪ್ಪು ಜನರ ಕೇರಿಯಲ್ಲಿ ಬೆಳೆದ ಇವರು ಮಿನೆಸೊಟಾಕ್ಕೆ ಬಂದು, ಅಡುಗೆ ಕೆಲಸವನ್ನೂ ಮಾಡಿಕೊಂಡು ಬರೆಯುತ್ತಿದ್ದವರು. 1980ರಲ್ಲಿ ಮಿನಿಯಾಪೊಲಿಸ್‌ನ ಪ್ಲೇರೈಟ್ಸ್ ಸೆಂಟರ್ ಅವರಿಗೆ ಜೆರೋಮ್ ಫೆಲೋಶಿಪ್ ಕೊಟ್ಟಿತು. 1982ರಲ್ಲಿ ‘ಮಾ ರೇನೀಸ್ ಬ್ಲ್ಯಾಕ್ ಬಾಟಮ್’ ಓನೀಲ್ ಕೇಂದ್ರಕ್ಕೆ ಆಯ್ಕೆಯಾಯಿತು. ಅಲ್ಲಿಯ ನಿರ್ದೇಶಕ ಲಾಯ್ಡ್ ರಿಚರ್ಡ್ಸ್ ಆ ಲೇಖಕನನ್ನು ಕೈಬಿಡಲಿಲ್ಲ. ಓನೀಲ್‌ನಲ್ಲಿ ಓದಿದ ನಾಟಕ ಯೇಲ್ ರೆಪರ್ಟರಿಯಲ್ಲಿ ಪ್ರಯೋಗವಾಗಿ, 1984ರಲ್ಲಿ ಬ್ರಾಡ್‌ವೇ ತಲುಪಿತು. ಮುಂದಿನ ನಾಟಕಗಳು ಊರಿಂದೂರಿಗೆ, ಒಂದು ರಂಗಮಂದಿರದಿಂದ ಇನ್ನೊಂದಕ್ಕೆ ಸಾಗುತ್ತಾ ಪ್ರತಿ ನಿಲ್ದಾಣದಲ್ಲೂ ತಿದ್ದಿಸಿಕೊಂಡವು. ಇಪ್ಪತ್ತನೆಯ ಶತಮಾನದ ಒಂದೊಂದು ದಶಕಕ್ಕೆ ಒಂದರಂತೆ ಹತ್ತು ನಾಟಕಗಳನ್ನು ವಿಲ್ಸನ್ 2005ರಲ್ಲಿ, ತಾವು ತೀರಿಕೊಂಡ ವರ್ಷವೇ, ಪೂರ್ಣಗೊಳಿಸಿದರು. ಒಂದು ಸಮುದಾಯದ ನೂರು ವರ್ಷದ ಬದುಕು ರಂಗಕ್ಕೆ ಬಂತು. ಪ್ರತಿಭೆ ವಿಲ್ಸನ್ನರದು. ಆ ಪ್ರತಿಭೆ ಹತ್ತು ನಾಟಕಗಳವರೆಗೆ ಬಾಳಿದ್ದು ರಂಗಸಂಸ್ಥೆಗಳು ಒಂದರಿಂದ ಒಂದಕ್ಕೆ ಕೈದಾಟಿಸಿ ಕಾಪಾಡಿದ್ದರಿಂದ.

ಒಂಟಿತನದ ಪಾಲು

ಹಾಗಿದ್ದರೆ ನಾಟಕವನ್ನು ಎಲ್ಲರೂ ಸೇರಿ ಬರೆಯಬೇಕೆ? ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಗ್ಲೆಂಡಿನಲ್ಲಿ 1974ರಲ್ಲಿ ಹುಟ್ಟಿದ ಜಾಯಿಂಟ್ ಸ್ಟಾಕ್ ಎಂಬ ತಂಡ ಇದಕ್ಕೆ ಚೆನ್ನಾದ ದಾರಿ ಕಂಡುಕೊಂಡಿತು. ಮೊದಲ ಕೆಲವು ವಾರ ನಟರು, ನಿರ್ದೇಶಕ, ಲೇಖಕ ಕೂಡಿ ವಿಷಯವನ್ನು ಶೋಧಿಸುತ್ತಿದ್ದರು. ಓದುವುದು, ಹೊರಗೆ ಹೋಗಿ ಜನರನ್ನು ಮಾತನಾಡಿಸುವುದು, ಕಂಡದ್ದನ್ನು ಅಭಿನಯಿಸಿ ನೋಡುವುದು. ಆಮೇಲೆ ಎಲ್ಲರೂ ಚದುರುತ್ತಿದ್ದರು. ಲೇಖಕರು ಒಬ್ಬರೇ ಮನೆಗೆ ಹೋಗಿ ಹಲವು ವಾರ ಬರೆಯುತ್ತಿದ್ದರು. ಬರೆದದ್ದು ಬಂದ ಮೇಲೆ ತಾಲೀಮು. ಕ್ಯಾರಿಲ್ ಚರ್ಚಿಲ್ 1979ರ ‘ಕ್ಲೌಡ್ ನೈನ್’ ನಾಟಕವನ್ನು ಬರೆದದ್ದು ಈ ರೀತಿಯಲ್ಲಿ. ಗಂಡು ಹೆಣ್ಣಿನ ಸಂಬಂಧ ಮತ್ತು ಅಧಿಕಾರದ ಬಗ್ಗೆ ನಟರು ತಮ್ಮ ತಮ್ಮ ಬದುಕನ್ನೇ ಮುಂದಿಟ್ಟು ಮಾತನಾಡಿದ್ದರು. ಚರ್ಚಿಲ್ ಮಾತ್ರ ಮೊದಲ ಅಂಕವನ್ನು ವಿಕ್ಟೋರಿಯಾ ರಾಣಿಯ ಕಾಲದ ಆಫ್ರಿಕದ ವಸಾಹತಿಗೆ ಒಯ್ದರು. ಕಾರ್ಯಾಗಾರ ಕೊಟ್ಟದ್ದು ಪ್ರಶ್ನೆಯನ್ನು. ಆ ಪ್ರಶ್ನೆಗೆ ರೂಪ ಸಿಕ್ಕಿದ್ದು ಒಬ್ಬರೇ ಕೂತ ಕೋಣೆಯಲ್ಲಿ.

ನಮ್ಮ ‘ಹಯವದನ’ದ ಹಿಂದೆಯೂ ಇಂಥದೇ ಸಂಗತಿ ಇದೆ. ಮುಖವಾಡಗಳ ಬಗ್ಗೆ, ಸಂಗೀತದ ಬಗ್ಗೆ ನಿರ್ದೇಶಕ ಬಿ. ವಿ. ಕಾರಂತರ ಜೊತೆ ವಾದ ನಡೆಯುತ್ತಿದ್ದಾಗಲೇ ಆ ನಾಟಕ ತಮ್ಮ ಮನಸ್ಸಿನಲ್ಲಿ ರೂಪುಗೊಳ್ಳತೊಡಗಿತು ಎಂದು ಕಾರ್ನಾಡರು ಹೇಳಿಕೊಂಡಿದ್ದಾರೆ. ಆಗ ಅವರಿಗೆ ಹೋಮಿ ಭಾಭಾ ಫೆಲೋಶಿಪ್ ಇತ್ತು, ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ವಾದಕ್ಕೆ ಒಬ್ಬ ಕಾರಂತ, ಬರೆಯಲು ಬಿಡುವು. ಅದಕ್ಕೂ ಮುಂಚಿನಿಂದ ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಜಿ. ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿಯವರ ಜೊತೆಗಿನ ಮಾತುಕತೆಯ ಬೆಂಬಲ. ರೆಸಿಡೆನ್ಸಿ ಎಂಬ ಹೆಸರಿಲ್ಲದಿದ್ದರೂ ಅಂಥದೊಂದು ಆಶ್ರಯ ಅವರಿಗೆ ಊರಿನಲ್ಲೇ ಇತ್ತು. ಅದು ಸ್ನೇಹದಿಂದ ಕೂಡಿಬಂದದ್ದು. ಅಂಥ ಸ್ನೇಹ ದೊರೆಯದ ಲೇಖಕರಿಗೂ ಅದು ಸಿಗುವಂತೆ ಮಾಡುವುದು ಸಂಸ್ಥೆಗಳ ಕೆಲಸ.

ಓದಿನಲ್ಲೇ ನಿಂತುಹೋದ ನಾಟಕಗಳು

ರೆಸಿಡೆನ್ಸಿಯ ವ್ಯವಸ್ಥೆಗೆ ತನ್ನದೇ ರೋಗವೂ ಇದೆ. ಅಮೆರಿಕದಲ್ಲಿ ನಾಟಕದ ಓದುಗಳು, ಕಾರ್ಯಾಗಾರಗಳು ಹೆಚ್ಚಾದಂತೆ, ಪ್ರಯೋಗವೇ ಆಗದೆ ಓದಿನಿಂದ ಓದಿಗೆ ಅಲೆಯುವ ನಾಟಕಗಳೂ ಹೆಚ್ಚಾದವು. ಪ್ರಯೋಗಕ್ಕೆ ಹಣ ಬೇಕು, ಧೈರ್ಯ ಬೇಕು. ಓದಿಗೆ ಆರು ಕುರ್ಚಿ ಸಾಕು. ಹಾಗಾಗಿ ಸಂಸ್ಥೆಗಳು ಹೊಸ ನಾಟಕವನ್ನು ಪೋಷಿಸಿದೆವು ಎಂಬ ಸಮಾಧಾನವನ್ನು ಓದಿನಲ್ಲೇ ಕಂಡುಕೊಂಡವು. ಹತ್ತು ಜನರ ಸಲಹೆ ಕೇಳಿ ಕೇಳಿ ನಾಟಕದ ಚೂಪು ಸವೆದುಹೋಗುವ ಅಪಾಯವೂ ಇತ್ತು.

ಇದಕ್ಕೆ ಅಲ್ಲಿಯವರೇ ಮದ್ದು ಹುಡುಕಿದರು. ನ್ಯೂಯಾರ್ಕ್‌ನಲ್ಲಿ ಜೇಮ್ಸ್ ಹೌಟನ್ 1991ರಲ್ಲಿ ಕಟ್ಟಿದ ಸಿಗ್ನೇಚರ್ ಥಿಯೇಟರ್ ಇಡೀ ಒಂದು ಋತುವನ್ನು ಒಬ್ಬ ನಾಟಕಕಾರರಿಗೆ ಮೀಸಲಿಟ್ಟಿತು. ಮುಂದೆ ಐದು ವರ್ಷದ ರೆಸಿಡೆನ್ಸಿಯೊಂದನ್ನು ಆರಂಭಿಸಿ, ಆ ಅವಧಿಯಲ್ಲಿ ಮೂರು ಹೊಸ ನಾಟಕಗಳನ್ನು ಆಡುವ ಭರವಸೆಯನ್ನು ಮೊದಲೇ ಕೊಟ್ಟಿತು. ಮೆಲನ್ ಫೌಂಡೇಶನ್ 2013ರಲ್ಲಿ ಹದಿನಾಲ್ಕು ನಾಟಕಕಾರರನ್ನು ಹದಿನಾಲ್ಕು ರಂಗಮಂದಿರಗಳಲ್ಲಿ ಮೂರು ವರ್ಷದ ಅವಧಿಗೆ ಸಿಬ್ಬಂದಿಯಾಗಿಯೇ ಇರಿಸಿತು. ಅವರಿಗೆ ಸಂಬಳ, ಆರೋಗ್ಯ ವಿಮೆ, ಸಂಸ್ಥೆಯ ತೀರ್ಮಾನಗಳಲ್ಲಿ ಮಾತಿಗೆ ಬೆಲೆ. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಜಾರ್ಜ್ ಡಿವೈನ್ 1956ರಲ್ಲಿ ಹೊಸ ನಾಟಕಗಳ ತಂಡ ಕಟ್ಟಿದಾಗ ಲೇಖಕರಿಗೆ ಸೋಲುವ ಹಕ್ಕು ಇರಬೇಕು ಎಂಬ ತತ್ವವನ್ನು ಇಟ್ಟುಕೊಂಡಿದ್ದರು. ಆ ಹಕ್ಕು ಕೋಣೆಯೊಳಗಿನ ಓದಿಗೆ ಸೀಮಿತವಾಗದೆ, ಪೂರ್ಣ ಪ್ರಯೋಗದಲ್ಲಿ, ಪ್ರೇಕ್ಷಕರ ಎದುರೇ ಸಿಗಬೇಕು. ಅದೇ ರಾಯಲ್ ಕೋರ್ಟ್ ನಮ್ಮ ದೇಶದ ಲೇಖಕರಿಗೂ ಬಾಗಿಲು ತೆರೆಯಿತು. ಬೆಂಗಳೂರಿನ ಅಭಿಷೇಕ್ ಮಜುಂದಾರ್ ಅವರ ಕಾಶ್ಮೀರದ ಕುರಿತ ನಾಟಕ ‘ದ ಜಿನ್ಸ್ ಆಫ್ ಈದ್‌ಗಾಹ್’ 2013ರಲ್ಲಿ ಅಲ್ಲಿ ಪ್ರಯೋಗ ಕಂಡಿತು.

ನಮ್ಮಲ್ಲಿ ಏನು ಮಾಡಬಹುದು

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಬಹುಪಾಲು ಈಗಾಗಲೇ ಇದೆ. 1985ರಿಂದ ಹೆಗ್ಗೋಡಿನ ನೀನಾಸಂ ತಿರುಗಾಟ ಊರೂರಿಗೆ ಹೋಗುತ್ತಿದೆ. 1989ರಲ್ಲಿ ಬಿ. ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣ ಮುಂದೆ ಧಾರವಾಡ, ಶಿವಮೊಗ್ಗ, ಕಲಬುರಗಿಗೂ ಹಬ್ಬಿತು. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಡೆದಿದೆ. ತಿಂಗಳುಗಟ್ಟಲೆ ಒಟ್ಟಿಗೆ ಉಣ್ಣುವ, ಒಟ್ಟಿಗೆ ತಾಲೀಮು ಮಾಡುವ ನಟರು ನಮ್ಮಲ್ಲಿದ್ದಾರೆ. ಇದು ದೊಡ್ಡ ಸಂಪತ್ತು. ಈ ತಂಡಗಳು ಷೇಕ್ಸ್‌ಪಿಯರ್, ಬ್ರೆಕ್ಟ್‌ರನ್ನು ತಂದಿವೆ, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ಆಡಿ ಸಾವಿರಾರು ಜನರನ್ನು ಕೂರಿಸಿವೆ. ಕಾದಂಬರಿಯ ರಂಗರೂಪ, ಅನುವಾದ ಎರಡೂ ಬೇಕು. ಆದರೆ ಇಂದಿನ ಬದುಕನ್ನು ನೇರವಾಗಿ ನಾಟಕವಾಗಿಯೇ ಕಾಣುವ ಹೊಸ ಬರವಣಿಗೆ ಅವುಗಳ ಜೊತೆ ಬೆಳೆಯದಿದ್ದರೆ ರಂಗಭೂಮಿ ಬೇರೆಯವರು ಕಂಡದ್ದನ್ನೇ ತೋರಿಸುತ್ತಾ ಕೂರಬೇಕಾಗುತ್ತದೆ.

ನನ್ನ ಸೂಚನೆ ಸರಳವಾದದ್ದು. ಪ್ರತಿ ರೆಪರ್ಟರಿಯೂ ವರ್ಷಕ್ಕೊಬ್ಬ ನಾಟಕಕಾರರನ್ನು ತನ್ನೊಳಗೆ ಸೇರಿಸಿಕೊಳ್ಳಲಿ. ಹಿರಿಯ ನಟರಿಗೆ ಕೊಡುವಷ್ಟು ಸಂಬಳವನ್ನು ತಿಂಗಳು ತಿಂಗಳಿಗೆ ಕೊಡಲಿ. ಮೊದಲ ಕೆಲವು ತಿಂಗಳು ಅವರು ತಂಡದ ಜೊತೆ ತಿರುಗಲಿ, ನಟರನ್ನು ನೋಡಲಿ, ಪ್ರೇಕ್ಷಕರ ನಡುವೆ ಕೂರಲಿ. ಆಮೇಲೆ ಅವರನ್ನು ಬರೆಯಲು ಬಿಡಲಿ, ಯಾರೂ ಬಾಗಿಲು ತಟ್ಟದಿರಲಿ. ಕರಡು ಸಿದ್ಧವಾದ ಮೇಲೆ ನಟರು ಎರಡು ಬಾರಿ ಓದಲಿ, ನಡುವೆ ತಿದ್ದಲು ಸಾಕಷ್ಟು ದಿನ ಇರಲಿ. ಎರಡನೆಯ ಓದಿಗೆ ಊರಿನ ಜನರೂ ಬರಲಿ. ಕೊನೆಗೆ ನಾಟಕ ಮುಂದಿನ ತಿರುಗಾಟದಲ್ಲಿ ಸೇರಲೇಬೇಕು ಎಂಬುದು ಮೊದಲ ದಿನವೇ ಬರೆದ ಕರಾರಾಗಿರಲಿ. ಹಕ್ಕು ಲೇಖಕರದೇ ಆಗಿರಲಿ. ಏನನ್ನು ಬರೆಯಬೇಕು, ಯಾರನ್ನು ನೋಯಿಸಬಾರದು ಎಂದು ಹೇಳುವ ಅಧಿಕಾರ ಹಣ ಕೊಟ್ಟವರಿಗೆ ಇಲ್ಲದಿರಲಿ, ಅದು ಸರ್ಕಾರವೇ ಆದರೂ ಸರಿ.

ಯಾರನ್ನು ಕರೆಯಬೇಕು ಎಂಬುದೂ ಮುಖ್ಯ. ಕಲಬುರಗಿಯ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು ನಟರ ಬಾಯಲ್ಲಿ ನಿಲ್ಲಬೇಕಾದರೆ ಆ ಮಾತಿನಲ್ಲೇ ಬದುಕುವವರು ತಾಲೀಮಿನ ಕೋಣೆಗೆ ಬರಬೇಕು. ಕಥೆ ಕಾದಂಬರಿಗಳಲ್ಲಿ ಅಷ್ಟು ಬಲವಾಗಿ ಬರೆಯುತ್ತಿರುವ ನಮ್ಮ ಹೆಣ್ಣುಮಕ್ಕಳು ನಾಟಕದಲ್ಲಿ ಕಡಿಮೆ ಕಾಣುತ್ತಾರೆ. ಸಂಜೆಯ ತಾಲೀಮು, ರಾತ್ರಿಯ ಪ್ರಯಾಣ, ಮನೆಯ ಜವಾಬ್ದಾರಿ ಇವು ಅವರನ್ನು ತಂಡದಿಂದ ದೂರ ಇಟ್ಟಿವೆ. ಆದ್ದರಿಂದ ರೆಸಿಡೆನ್ಸಿಯ ಯೋಜನೆಯಲ್ಲಿ ಮಗುವಿನ ಜೊತೆ ಬಂದು ಇರಬಲ್ಲ ಮನೆ, ಹಗಲಿನ ತಾಲೀಮು, ಅವಧಿಯನ್ನು ಎರಡು ಮೂರು ಕಂತಿನಲ್ಲಿ ಮುಗಿಸುವ ಅನುಕೂಲ ಮೊದಲಿನಿಂದಲೇ ಇರಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ ಎಂದರೆ, ಉತ್ತರ ಈ ಸಭೆಯಲ್ಲಿಯೇ ಇದೆ. ದತ್ತಿ ಇಡುವ ಸಂಪ್ರದಾಯ ಕನ್ನಡ ನಾಡಿನಲ್ಲಿ ಜೀವಂತವಾಗಿದೆ. ತಂದೆತಾಯಿಯರ ನೆನಪಿಗೆ, ಗುರುಗಳ ನೆನಪಿಗೆ ನಾವು ಉಪನ್ಯಾಸಗಳಿಗೆ, ಪದಕಗಳಿಗೆ, ಬಹುಮಾನಗಳಿಗೆ ಹಣ ಇಡುತ್ತೇವೆ. ಬಹುಮಾನ ಬರೆದಾದ ಮೇಲೆ ಬರುತ್ತದೆ. ಬರೆಯುವ ಮೊದಲೇ ನಂಬಿ ಕೊಡುವ ದತ್ತಿಗಳೂ ನಮ್ಮಲ್ಲಿ ಆಗಬೇಕು. ಹಲವು ಸಣ್ಣ ದತ್ತಿಗಳು ಕೂಡಿದರೆ ಒಬ್ಬ ನಾಟಕಕಾರರ ಒಂದು ವರ್ಷದ ಸಂಬಳವಾಗುತ್ತದೆ. ಒಂದು ರಂಗತಂಡ ಮುಂದೆ ಬಂದರೆ ಆ ನಾಟಕಕಾರರಿಗೆ ನಟರೂ ಜಾಗವೂ ಸಿಗುತ್ತವೆ.

ಈ ದತ್ತಿಯ ಹಿರಿಯರಲ್ಲಿ, ಇಲ್ಲಿರುವ ರಂಗತಂಡಗಳ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ವರ್ಷದ ಉಪನ್ಯಾಸದ ಹೊತ್ತಿಗೆ ಇಂಥ ಒಂದು ವ್ಯವಸ್ಥೆಯ ಕರಡನ್ನು ಕೂಡಿ ಸಿದ್ಧಪಡಿಸಿ, ಮೊದಲ ನಾಟಕಕಾರರನ್ನು ಕರೆಯಿರಿ. ಅವರು ಬರೆಯುವ ಮೊದಲ ನಾಟಕ ಸೋತರೆ ಎರಡನೆಯದಕ್ಕೆ ಮತ್ತೆ ಕರೆಯಿರಿ.